ಅವನ ಒಡೆಯ ಯಾರು

ಮಗಳು ಹುಟ್ಟುಹಬ್ಬಕ್ಕೆ ಬಂದ ಆಟದ ಕಾರ್ಡಿನ ಪೊಟ್ಟಣ ಹರಿದಾಗ ಹೊಸ ಶಾಯಿ, ಮೇಣ ಬೆರೆತಂಥ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮೇಲಿನ ಹಾಲು ಮರೆತು ನಿಂತೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯ ಪುಸ್ತಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು...

ಆ ಅಂಗಡಿಯವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುತ್ತಿದ್ದರು. ಮುಂದೆ ನೋಟ್‌ಬುಕ್ಕು, ಪೆನ್ನು, ಜೆರಾಕ್ಸ್. ಭಾನುವಾರ ಹಿಂದಿನ ಕೋಣೆಯಲ್ಲಿ ಕಾರ್ಡಿನಾಟ. ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲೂ ಒಬ್ಬ ಯೋಧನ ಚಿತ್ರವೋ ಮೃಗದ ಚಿತ್ರವೋ, ಕೆಳಗೆ ಅದು ಏನು ಮಾಡಬಲ್ಲದೆಂದು ಇಂಗ್ಲಿಷಿನಲ್ಲಿ ಒಂದೆರಡು ಸಾಲು. ಅಂಥವನ್ನು ಕೂಡಿಸಿ ತಮ್ಮದೇ ಕಟ್ಟು ಮಾಡಿಕೊಂಡು ಇಬ್ಬರು ಎದುರುಬದುರು ಕೂತು ಕಾದಾಡುವುದು. ಸಾಲುಗಳ ಅರ್ಥಕ್ಕೆ ಜಗಳ ಬಂದರೆ ಅಣ್ಣನದೇ ತೀರ್ಪು. ಸಾಲನ್ನು ಕನ್ನಡದಲ್ಲಿ ಹೇಳಿ ನೋಡುವರು, ಆಮೇಲೆ ತಮಿಳಿನಲ್ಲಿ, ತೆಲುಗಿನಲ್ಲಿ. ಮೂರರಲ್ಲೂ ಒಂದೇ ಅರ್ಥ ಹೊರಟರೆ ಅವರಿಗೆ ಸಮಾಧಾನ. ಅವರ ಮಾತಿಗೆ ಯಾರೂ ಎದುರಾಡಿದ್ದು ನನಗೆ ನೆನಪಿಲ್ಲ.

ಕಾಮಸಮುದ್ರದ ಕಡೆಯ ನಮ್ಮ ಹಳ್ಳಿಯಿಂದ ನಾನು ಬಂಗಾರಪೇಟೆಯ ಕಾಲೇಜಿಗೆ ಓಡಾಡುತ್ತಿದ್ದೆ. ತಮ್ಮನನ್ನು ಆ ಅಂಗಡಿಗೆ ಕರೆದುಕೊಂಡು ಹೋದವಳು ನಾನೇ. ಅವನಿಗೆ ಮಾತು ತೊದಲುತ್ತಿತ್ತು. ಕಾಲೇಜು ಬಿಟ್ಟು ಹಸುಗಳ ಜೊತೆ ಉಳಿದುಬಿಟ್ಟಿದ್ದ. ಅಪ್ಪ ಅವನನ್ನು ನಾಲ್ಕು ಜನರ ಮುಂದೆ ನಿಲ್ಲಿಸುತ್ತಲೇ ಇರಲಿಲ್ಲ. ಕಾರ್ಡಿನಾಟದಲ್ಲಿ ಹೆಚ್ಚು ಮಾತು ಬೇಕಿಲ್ಲವಲ್ಲ, ಅಲ್ಲಿ ಅವನು ಬೇರೆಯೇ ಹುಡುಗನಾದ. ಗೆಲ್ಲತೊಡಗಿದ. ಆ ವರ್ಷ ಗೆದ್ದವರು ಬೆಂಗಳೂರಿನ ಪಂದ್ಯಕ್ಕೆ ಹೋಗುವುದಿತ್ತು. ಕೊನೆಯ ಆಟಕ್ಕೆ ತಮ್ಮ ಬಂದಿದ್ದ. ನೋಡಲಿ ಎಂದು ಅಪ್ಪನನ್ನೂ ಬಲವಂತವಾಗಿ ಕರೆತಂದಿದ್ದೆ.

ಎದುರಾಳಿಯ ಕಾವಲುಗಾರ ತಮ್ಮನ ಸೈನಿಕನನ್ನು ಕೊಂದ. ಕಾರ್ಡಿನ ಸಾಲು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ಕಾವಲುಗಾರ ಸೈನಿಕನನ್ನು ಕೊಂದರೆ ಅವನ ಒಡೆಯ ಎರಡು ಕಾರ್ಡು ಎತ್ತಿಕೊಳ್ಳಬೇಕು. ಅವನ ಎಂದರೆ ಯಾರ? ಕೊಂದವನದೋ, ಸತ್ತವನದೋ? ಇಬ್ಬರೂ ಕಟ್ಟಿಗೆ ಕೈ ಹಾಕಿದರು. ಅಣ್ಣ ಮೂರು ಭಾಷೆಯಲ್ಲೂ ಹೇಳಿಕೊಂಡರು. ಮೂರರಲ್ಲೂ ತೊಡಕು ಹಾಗೇ ಉಳಿಯಿತು. ತಮ್ಮ ಏನನ್ನೋ ಹೇಳಲು ಬಾಯಿ ತೆರೆದ. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಸುತ್ತ ಯಾರೋ ನಕ್ಕರು. ಅವನ ಕುತ್ತಿಗೆ ನರ ಉಬ್ಬಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ...

"ಮಾತು ಕಾವಲುಗಾರನಿಂದ ಶುರುವಾಗಿದೆ ತಂಬಿ," ಎಂದರು ಅಣ್ಣ. "ಅವನ ಒಡೆಯನೇ ಎತ್ಕೊಳ್ಳಲಿ."

ಎದುರಾಳಿ ಎತ್ತಿಕೊಂಡ. ಬಂದ ಕಾರ್ಡಿನಿಂದಲೇ ಆಟ ಮುಗಿಸಿದ. ಬಸ್ಸಿನಲ್ಲಿ ಅಪ್ಪ, "ಅಲ್ಲೂ ಬಾಯಿ ಬರ್ಲಿಲ್ವೇನ್ಲಾ ನಿಂಗೆ?" ಅಂದ. ತಮ್ಮ ಕಿಟಕಿಯಾಚೆಗೆ ನೋಡುತ್ತಿದ್ದ. ಮತ್ತೆ ಅವನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆವತ್ತು ಹೇಳಹೊರಟದ್ದೇನೆಂದು ನನಗೆ ಮಾತ್ರ ತಿಳಿಸಿದ್ದ. ಆ ಕಾವಲುಗಾರನಿಗೆ ಬಲ ಜಾಸ್ತಿ, ಅದಕ್ಕೇ ಸೈನಿಕನನ್ನು ಕಳೆದುಕೊಂಡವನಿಗೆ ಪರಿಹಾರವಾಗಿ ಕಾರ್ಡು ಕೊಟ್ಟಿದ್ದಾರೆ, ಇಲ್ಲದಿದ್ದರೆ ಅವನನ್ನು ಸೋಲಿಸುವುದು ಹೇಗೆ, ಎಂದು.

ಮಾರನೇ ವರ್ಷದ ಪೊಟ್ಟಣಗಳಲ್ಲಿ ಅದೇ ಕಾರ್ಡು ತಿದ್ದಿಕೊಂಡು ಬಂತು. ಸತ್ತ ಸೈನಿಕನ ಒಡೆಯ ಎಂದು ಬಿಡಿಸಿಯೇ ಬರೆದಿತ್ತು. ಅಣ್ಣ ಅದನ್ನು ನೋಡಿದವರೇ ಅಂಗಡಿ ಮುಚ್ಚಿ ನಮ್ಮೂರಿನ ಬಸ್ಸು ಹತ್ತಿದರಂತೆ. ಅಂಗಳದಲ್ಲಿ ಅಪ್ಪನ ಮುಂದೆ ನಿಂತು ಕೈಮುಗಿದರು.

"ನಿಮ್ಮ ಮಗ ಓದಿದ್ದೇ ಸರಿ ಯಜಮಾನ್ರೇ. ನಾನು ತಪ್ಪು ಓದ್ದೆ. ಅದಾದ್ರೂ ಹೋಗ್ಲಿ, ಅವನು ಹೇಳೋಕೆ ಬಂದ, ನಾನು ಕಾಯ್ಲಿಲ್ಲ."

ಆಟದ ಮಾತಿಗೆ ಇಷ್ಟು ದೂರ ಬಂದಿರಾ ಎಂದು ಅಪ್ಪ ಬೆರಗಾದ. ಬಂದವರಿಗೆ ಕೂರಲು ಹೇಳುವುದೂ ಮರೆತ. ತಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಎಲ್ಲ ಕೇಳಿಸಿತ್ತು. ನಾನು ಹೋಗಿ ಕರೆದೆ. ತಲೆ ಎತ್ತಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು ಅಣ್ಣ, ಬಸ್ಸು ಬರುವ ತನಕ ಕೊಟ್ಟಿಗೆಯ ಕಡೆಗೇ ನೋಡುತ್ತ ಜಗಲಿಯಲ್ಲಿ ಕೂತಿದ್ದರು.

ಆಮೇಲೆ ನನಗೆ ಮದುವೆಯಾಯಿತು. ಅಣ್ಣನಿಗೆ ಕಿಡ್ನಿ ಕೆಟ್ಟಿದೆಯೆಂದೂ ಅಂಗಡಿಯನ್ನು ಬಿಟ್ಟುಕೊಟ್ಟರೆಂದೂ ಸುದ್ದಿ ಬಂತು. ತಮ್ಮ ಆಗ ಹಾಲಿನ ಗಾಡಿ ಓಡಿಸುತ್ತಿದ್ದ. ಒಂದು ದಿನ ಕ್ಯಾನುಗಳನ್ನು ಇಳಿಸಿ, ಯಾರಿಗೂ ಹೇಳದೆ ಅಣ್ಣನಿದ್ದ ಕೋಲಾರದ ಆಸ್ಪತ್ರೆಗೆ ಹೋಗಿಬಂದ. ನೇರ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತ.

"ಕಣ್ಣು ಬಿಡ್ಲಿಲ್ಲ ಅಕ್ಕ ಅವ್ರು," ಎಂದ. "ನೀವು ಮನೆಗೆ ಬಂದಿದ್ದೇ ನಂಗೆ ಸಾಕಣ್ಣ ಅಂದೆ. ಕೇಳಿಸ್ತೋ ಇಲ್ವೋ..."

ಆ ವಾರವೇ ಅಣ್ಣ ತೀರಿಹೋದರು.

ಈಗ ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ತಮ್ಮ ಸ್ಟೇಷನ್ ರಸ್ತೆ ತಪ್ಪಿಸಿ ಸುತ್ತುದಾರಿಯಲ್ಲಿ ಗಾಡಿ ತರುತ್ತಾನೆ. ಅಪ್ಪನಿಗೆ ಮರೆವು ಬಂದಿದೆ. ನಾನು ಮದುವೆಯಾಗಿ ಹೋದದ್ದೂ ಒಮ್ಮೊಮ್ಮೆ ನೆನಪಿರುವುದಿಲ್ಲ. ಆದರೆ ನಾನು ತವರಿಗೆ ಹೋದಾಗೆಲ್ಲ, ಊಟಕ್ಕೆ ಕೂತಲ್ಲಿ ಇದ್ದಕ್ಕಿದ್ದಂತೆ, "ಆವತ್ತು ಬಂದಿದ್ರಲ್ಲ ಅಂಗ್ಡಿಯೋರು, ಎಂಗವ್ರೆ?" ಎಂದು ಕೇಳುತ್ತಾನೆ. ನಾನು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ತಮ್ಮ ಪ್ರತಿಸಲವೂ ತಟ್ಟೆ ನೋಡಿಕೊಂಡು, "ಚೆನ್ನಾಗವ್ರಪ್ಪ," ಎನ್ನುತ್ತಾನೆ.