ಅಜ್ಜಿಯ ವಾತ, ಟೀಚರಮ್ಮನ ನಿರ್ವಾತ

ಹೊಸಪೇಟೆಯ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಫ್ಲಾಸ್ಕೊಂದು ಸಿಕ್ಕಿತು. ಬಿರಡೆ ತೆಗೆದು ಮೂಗಿಗೆ ಹಿಡಿದರೆ ಎಂದೋ ಕುಡಿದ ಚಹಾದ ವಾಸನೆ... ಸಂಡೂರಿನಲ್ಲಿ ನಮ್ಮ ಗೋಡೆಯಾಚೆ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ಎದುರಿಗೆ ಬಂದು ಕೂತಂತಾಯಿತು.

ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು, ಈ ಫ್ಲಾಸ್ಕನ್ನೇ ತೋರಿಸಿ ಅವರು ನನಗೆ ಪಾಠ ಹೇಳುತ್ತಿದ್ದರು. ಒಳಗೆ ಗಾಜಿನ ಎರಡು ಗೋಡೆ, ನಡುವೆ ನಿರ್ವಾತ, ಅದಕ್ಕೇ ಚಹಾ ಬೇಗ ಆರುವುದಿಲ್ಲ.

‘ಹಂಗಂದ್ರ ಖಾಲಿ ಜಾಗ ಏನ್ರಿ?’ ಅಂದೆ.

‘ಖಾಲಿ ಬ್ಯಾರೆ, ನಿರ್ವಾತ ಬ್ಯಾರೆ. ಖಾಲಿ ಡಬ್ಬಿ ತುಂಬ ಗಾಳಿ ಇರತೈತಿ. ಆ ಗಾಳೀನೂ ತಗದ್ರ ನಿರ್ವಾತ.’

ಮೊಣಕಾಲು ನೀವಿಕೊಳ್ಳುತ್ತಿದ್ದ ಅಜ್ಜಿಯ ಕಿವಿ ನೆಟ್ಟಗಾಯಿತು. ಅವಳು ಬಲ್ಲದ್ದು ಒಂದೇ ವಾತ, ಚಳಿಗಾಲದಲ್ಲಿ ಕೀಲು ಹಿಡಿಯುವುದು. ‘ಟೀಚರಮ್ಮ, ಆ ನಿರ್ವಾತ ಹಚ್ಚಿಕೊಳ್ಳೋದೇನ್ರಿ, ಕುಡಿಯೋದೇನ್ರಿ?’

ಟೀಚರ್ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮಾರನೆಯ ಬೆಳಿಗ್ಗೆ ಫ್ಲಾಸ್ಕಿನ ತುಂಬ ಬಿಸಿನೀರು ತಂದು, ಬಟ್ಟೆ ಅದ್ದಿ ಅಜ್ಜಿಯ ಮೊಣಕಾಲಿಗೆ ಶಾಖ ಕೊಟ್ಟರು. ‘ತಗೋರ್ರಿ, ನಿಮ್ಮ ನಿರ್ವಾತ.’ ಆಮೇಲೆ ಅದೇ ರೂಢಿಯಾಯಿತು. ಒಂಟಿ ಜೀವ ಅವರದು. ಶಾಖದ ನೆಪದಲ್ಲಿ ಇಬ್ಬರೂ ಬಿಸಿಲೇರುವವರೆಗೆ ಹರಟುತ್ತಿದ್ದರು.

ಟೀಚರ್ ನಿವೃತ್ತಿಯಾದಾಗ ಕಂಪ್ಲಿಯಲ್ಲಿದ್ದ ಅವರ ತಮ್ಮ ತನ್ನ ಮನೆಗೆ ಕರೆದ. ಅಜ್ಜಿಗೆ ಕಳಿಸಲು ಮನಸ್ಸಿಲ್ಲ. ‘ಬಾಡಿಗಿ ಮನಿ ಖಾಲಿ ಮಾಡಿದ್ರ ಮಾಡ್ರಿ, ನಮ್ಮನ್ಯಾಗ ಇದ್ದುಬಿಡ್ರಿ’ ಅಂದಳು. ನಮ್ಮ ಕಡೆ ಮೊದಲ ಕರೆಗೇ ಹೂಂ ಅನ್ನುವವರಿಲ್ಲ. ಒಂದು ಕಪ್ ಚಹಾಕ್ಕೂ ಮೊದಲು ಬ್ಯಾಡ ಅನ್ನಬೇಕು. ಟೀಚರ್ ‘ಬ್ಯಾಡ್ರಿ, ನಿಮಗ್ಯಾಕ ತ್ರಾಸು’ ಅಂದರು. ಒಡಹುಟ್ಟಿದವನಿದ್ದಾನಲ್ಲ ಎಂದು ಅಜ್ಜಿ ಮತ್ತೆ ಕರೆಯಲಿಲ್ಲ. ಟೀಚರ್ ಫ್ಲಾಸ್ಕನ್ನು ಅವಳ ಕೈಗಿಟ್ಟು ಬಸ್ಸು ಹತ್ತಿದರು.

ಆಮೇಲೆ ಆ ಖಾಲಿ ಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದೆ. ಟೀಚರ್ ಲೆಕ್ಕದಲ್ಲಿ ಒಳಗೆ ಗಾಳಿಯಿತ್ತು. ನನ್ನ ಲೆಕ್ಕದಲ್ಲಿ ಅದೂ ಇರಲಿಲ್ಲ...

ಅಜ್ಜಿ ಹೋಗಿ ವರ್ಷಗಳಾದವು. ಫ್ಲಾಸ್ಕು ಸಿಕ್ಕ ಮರುದಿನ ತಡೆಯಲಾರದೆ ಕಂಪ್ಲಿಗೆ ಹೋದೆ. ತಮ್ಮನ ಹೆಂಡತಿ ಬಾಗಿಲು ತೆಗೆದರು. ‘ಅಕ್ಕಾರು ಹ್ವಾದ ಬ್ಯಾಸಗ್ಯಾಗ ಬಯಲಾದ್ರು’ ಅಂದರು. ತೀರಿಕೊಂಡವರಿಗೆ ಅವರ ಮನೆಯಲ್ಲಿ ಹೀಗೇ ಅನ್ನುವುದು. ನೀರು ಕೊಟ್ಟು ಹೇಳಿದರು: ‘ಸಂಡೂರಿನ ಅಮ್ಮ ಇನ್ನೊಂದ್ಸಲ ಕರದಿದ್ರ ಅಲ್ಲೇ ಇದ್ದುಬಿಡ್ತಿದ್ದೆ ಅಂತ ಭಾಳ ಸಲ ಅಂತಿದ್ರು.’

ವಾಪಸು ಬರುವ ಬಸ್ಸಿನಲ್ಲಿ ಒಬ್ಬರು ನನ್ನ ಪಕ್ಕದ ಸೀಟು ತೋರಿಸಿ, ‘ಖಾಲಿ ಐತೇನ್ರಿ?’ ಎಂದು ಕೇಳಿದರು.

ಯಾಕೋ ‘ಇಲ್ರಿ’ ಅಂದುಬಿಟ್ಟೆ.