ದಾಮಿಪ್ಪೋಸ್ ಹೊಳೆ ದಾಟಿ ಕೇಳಿದ್ದು

ನಮ್ಮ ಕೆರಿಯಾ ಊರಿನಲ್ಲಿ ಜೇನುತುಪ್ಪ ಬೇಕಾದವರು ದಾಮಿಪ್ಪೋಸ್‌ನನ್ನು ಸಂತೆಯಲ್ಲಿ ಹುಡುಕುತ್ತಿರಲಿಲ್ಲ. ಪಾತ್ರೆ ಹಿಡಿದು ಬೆಟ್ಟ ಹತ್ತುತ್ತಿದ್ದರು. ಅವನ ಮನೆಯ ಹಿಂದೆ ಕಲ್ಲಿನ ಕಟ್ಟೆಯ ಮೇಲೆ ಉದ್ದನೆಯ ಮಣ್ಣಿನ ಕೊಳವೆಗಳನ್ನು ಸಾಲಾಗಿ ಮಲಗಿಸಿಟ್ಟಿದ್ದ. ಒಂದೊಂದೂ ಒಂದು ಜೇನುಗೂಡು. ಆ ಸಾಲಿನ ಮುಂದೆ ಅವನು ಓಡಾಡುವಾಗ ಕೈ ಬೀಸುತ್ತಿರಲಿಲ್ಲ, ತಟ್ಟನೆ ತಿರುಗುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಹುಳು ಮುಖದ ಮೇಲೆ ಕೂತರೂ ಅದಾಗಿಯೇ ಎದ್ದು ಹೋಗುವವರೆಗೆ ಕಾಯುತ್ತಿದ್ದ. ಮನೆಯೊಳಗೂ ಹಾಗೇ. ಅವನ ಹೆಂಡತಿ ಅರಿಸ್ತಾ ಹೇಳುತ್ತಿದ್ದಳು: “ಮನೆಗೆ ಬೆಂಕಿ ಬಿದ್ರೂ ಇವ್ರು ಮೊದ್ಲು ಚಪ್ಪಲಿ ಕಟ್ಕೊತಾರೆ.”

ಈ ಗುಣಕ್ಕಾಗಿಯೇ ಯುದ್ಧದ ಕರೆ ಬಂದಾಗಲೆಲ್ಲ ಅವನನ್ನು ಮೊದಲ ಸಾಲಿನ ಬಲತುದಿಯಲ್ಲಿ ನಿಲ್ಲಿಸುತ್ತಿದ್ದರು. ಗುರಾಣಿ ಎಡಗೈಯಲ್ಲಿರುತ್ತದೆ. ಅದರ ಅರ್ಧ ಹಿಡಿದವನನ್ನು ಕಾಯುತ್ತದೆ, ಉಳಿದ ಅರ್ಧ ಅವನ ಎಡಗಡೆಯವನ ಬಲಮಗ್ಗುಲನ್ನು. ಹಾಗಾಗಿ ಸಾಲಿನಲ್ಲಿರುವ ಪ್ರತಿಯೊಬ್ಬನಿಗೂ ಬಲಗಡೆಯವನ ಗುರಾಣಿಯೇ ಗೋಡೆ. ಬಲತುದಿಯವನಿಗೆ ಮಾತ್ರ ಆ ಗೋಡೆ ಇಲ್ಲ. ಅವನ ಬಲಮಗ್ಗುಲು ಬಯಲಿಗೆ ಬಿದ್ದಿರುತ್ತದೆ. ಅಲ್ಲಿ ನಿಲ್ಲಲು ಗಡಿಬಿಡಿಯಿಲ್ಲದ ಮನುಷ್ಯನೇ ಬೇಕು.

ಎಡತುದಿಯಲ್ಲಿ ನಿಲ್ಲುತ್ತಿದ್ದವನು ಮಿಕ್ಕೋಸ್. ಬಣ್ಣ ಹಾಕುವವನು. ಮಂಜಿಷ್ಠದ ಬೇರು ಬೇಯಿಸಿ ಬೇಯಿಸಿ ಅವನ ಕೈಗಳು ಮೊಣಕೈವರೆಗೂ ಕೆಂಪಾಗಿದ್ದವು. ಯಾವ ಬೂದಿಗೂ ಆ ಬಣ್ಣ ಹೋಗುತ್ತಿರಲಿಲ್ಲ. ತೊಡುತ್ತಿದ್ದುದು ಅಪ್ಪನ ಹಳೆಯ ಕವಚ, ಹೊಟ್ಟೆಯ ಹತ್ತಿರ ಬಿಗಿ. ಅವನೂ ದಾಮಿಪ್ಪೋಸನೂ ಒಂದೇ ಬೇಸಿಗೆಯಲ್ಲಿ ಪ್ರಮಾಣ ಮಾಡಿ ಈಟಿ ಹಿಡಿದವರು.

ನಮಗೂ ಲಾಫ್ರಾ ಊರಿನವರಿಗೂ ನಡುವೆ ಒಂದು ಹುಲ್ಲುಗಾವಲಿದೆ. ಒಂದು ಪಕ್ಕದಲ್ಲಿ ಹೊಳೆ, ಇನ್ನೊಂದು ಪಕ್ಕದಲ್ಲಿ ಬೆಟ್ಟದ ಬುಡ. ಬೇಸಿಗೆಯಲ್ಲೂ ಹಸಿರಾಗಿರುವ ಜಾಗ ಸುತ್ತಮುತ್ತ ಅದೊಂದೇ. ಯಾರ ಕುರಿ ಅಲ್ಲಿ ಮೇಯಬೇಕು ಎಂಬ ಜಗಳ ನಮ್ಮ ತಾತಂದಿರ ಕಾಲದ್ದು. ಆ ವರ್ಷ ಜವೆಗೋಧಿಯ ಕೊಯ್ಲು ಮುಗಿದ ಮೇಲೆ ಎರಡೂ ಊರಿನವರು ದಿನ ಗೊತ್ತುಮಾಡಿ ಅಲ್ಲಿಗೆ ಬಂದೆವು. ನಾನು ದಾಮಿಪ್ಪೋಸ್‌ನ ಬೆನ್ನಿಗೆ, ಎರಡನೆಯ ಸಾಲಿನಲ್ಲಿದ್ದೆ. ಎಡತುದಿಯವರಿಗೆ ಸೇನಾಪತಿ ಹೇಳಿದ್ದು ಒಂದೇ ಮಾತು: ಹೊಳೆಗೆ ಅಂಟಿಕೊಂಡಿರಿ, ಹೊಳೆಯೇ ನಿಮ್ಮ ಗೋಡೆ.

ತನ್ನ ಜಾಗಕ್ಕೆ ಹೋಗುತ್ತ ಮಿಕ್ಕೋಸ್ ನಮ್ಮ ಮುಂದೆ ಹಾದುಹೋದ.

“ಏನಪ್ಪಾ ಜೇನಪ್ಪ, ದೊಡ್ಡೋರ ಪಕ್ಕ ನಿಂತ್ಕೊಂಡು ನಮ್ಮನ್ನ ಮರೀಬೇಡ!”

“ನಿನ್ನ ಕೈ ನೋಡಿದ್ರೆ ಬೆಳಿಗ್ಗೇನೇ ಹತ್ತು ಜನನ್ನ ಕೊಂದು ಬಂದಂಗಿದೆ,” ಎಂದ ದಾಮಿಪ್ಪೋಸ್. “ಅದನ್ನೇ ಎತ್ತಿ ತೋರ್ಸು. ಅರ್ಧ ಲಾಫ್ರಾ ಓಡತ್ತೆ.”

“ಇನ್ನರ್ಧಕ್ಕೆ ನನ್ನ ಹೊಟ್ಟೆ ತೋರಿಸ್ತೀನಿ ಬಿಡು.”

ಕೊಳಲು ಊದಿದರು. ನಾವು ಹಾಡುತ್ತ ನಡೆದೆವು. ಎದುರಿನ ಈಟಿಗಳು ಹತ್ತಿರವಾದಾಗ ಸಾಲು ಬಲಕ್ಕೆ ಜರುಗತೊಡಗಿತು. ಇದು ಹೊಸದೇನಲ್ಲ, ಪ್ರತಿಯೊಬ್ಬನೂ ಪಕ್ಕದವನ ಗುರಾಣಿಯ ಮರೆಗೆ ಒತ್ತಿಕೊಳ್ಳುತ್ತಾನೆ, ಸಾಲೇ ಓರೆಯಾಗುತ್ತದೆ. ಅಂದು ಬೇರೆ ದಿನಗಳಿಗಿಂತ ಹೆಚ್ಚು ಜರುಗಿದೆವು. ಅದರಿಂದ ನಮಗೆ ಲಾಭವೇ ಆಯಿತು. ನಮ್ಮ ಬಲತುದಿ ಅವರ ಎಡತುದಿಯನ್ನು ದಾಟಿ ಹೊರಗೆ ಚಾಚಿಕೊಂಡಿತು. ದಾಮಿಪ್ಪೋಸ್ ಪಕ್ಕದಿಂದ ನುಗ್ಗಿದ, ನಾವು ಹಿಂದೆ ನುಗ್ಗಿದೆವು. ಅವರ ಸಾಲು ಆ ತುದಿಯಿಂದ ಮುರಿಯುತ್ತ ಬಂತು. ಸ್ವಲ್ಪ ಹೊತ್ತಿನಲ್ಲಿ ಲಾಫ್ರಾದವರೆಲ್ಲ ಹೊಳೆಯ ಆಚೆಗಿದ್ದರು.

ಹುಲ್ಲುಗಾವಲಿನಲ್ಲಿ ಗೆಲುವಿನ ಕಂಬ ನೆಟ್ಟು ಶತ್ರುವಿನ ಶಿರಸ್ತ್ರಾಣವನ್ನೂ ಗುರಾಣಿಯನ್ನೂ ಅದಕ್ಕೆ ತೊಡಿಸಿದೆವು. ಕಾವಲಿಗೆ ಕೆಲವರನ್ನು ಬಿಟ್ಟು, ಸತ್ತವರನ್ನು ಹೊತ್ತು ಊರಿಗೆ ಬಂದೆವು. ಮಾರನೆಯ ಬೆಳಿಗ್ಗೆ ಸಭೆಯಲ್ಲಿ ದಾಮಿಪ್ಪೋಸ್‌ಗೆ ಶೌರ್ಯದ ಆಲಿವ್ ಕಿರೀಟ ಎಂದು ದಾರಿಯಲ್ಲೇ ತೀರ್ಮಾನವಾಗಿತ್ತು.

ಊರ ಬಾಗಿಲಲ್ಲಿ ಹೆಣಗಳನ್ನು ಇಳಿಸಿದಾಗ ಮಿಕ್ಕೋಸ್‌ನ ತಾಯಿ ತಿಮೋ ಒಂದೊಂದನ್ನೇ ನೋಡಿದಳು. ಮಗ ಇರಲಿಲ್ಲ. ಬದುಕಿ ಬಂದವರಲ್ಲೂ ಇರಲಿಲ್ಲ.

“ಓಡಿಹೋಗಿರ್ಬೇಕು ಕಣಮ್ಮ. ಕತ್ತಲಾದ್ಮೇಲೆ ಬರ್ತಾನೆ,” ಎಂದ ಯಾರೋ.

“ನನ್ನ ಮಗನಾ?” ಎಂದಳು ತಿಮೋ. “ನಾಯಿ ಅಟ್ಟಿಸ್ಕೊಂಡು ಬಂದ್ರೂ ಓಡೋನಲ್ಲ ಅವ್ನು. ಅಷ್ಟು ಸೋಮಾರಿ.”

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಬೆಳಗಾಗುತ್ತಲೇ ಕಂಬದ ಕಾವಲಿನವನೊಬ್ಬ ಓಡಿಬಂದ. ಹೊಳೆಯ ಆಚೆದಡದಲ್ಲಿ, ನೀರಿನ ಅಂಚಿನಲ್ಲೇ, ಒಂದು ಹೆಣ ಬಿದ್ದಿದೆ. ಕವಚ, ಗುರಾಣಿ ಎಲ್ಲ ಬಿಚ್ಚಿಕೊಂಡು ಹೋಗಿದ್ದಾರೆ. ಮುಖ ಆ ಕಡೆಗಿದೆ. ಆದರೆ ಕೈಗಳು ಮೊಣಕೈವರೆಗೂ ಕೆಂಪು. ಲಾಫ್ರಾದವರು ಪಕ್ಕದಲ್ಲೇ ಕಾವಲು ಹಾಕಿ ಕೂತಿದ್ದಾರೆ.

ಅವರು ಯಾಕೆ ಕಾಯುತ್ತಿದ್ದರು ಎಂಬುದು ಎಲ್ಲರಿಗೂ ಅರ್ಥವಾಯಿತು. ಹೆಣ ಕೇಳಲು ಯಾರು ಮೊದಲು ದೂತನನ್ನು ಕಳಿಸುತ್ತಾರೋ ಅವರು ಸೋತಂತೆ. ಕಂಬ ಯಾರು ನೆಟ್ಟಿದ್ದರೂ ಸರಿ, ಎಷ್ಟು ಜನ ಸತ್ತಿದ್ದರೂ ಸರಿ, ಕೇಳಿದವನು ಸೋತವನು. ಅವರ ಎಂಟೊಂಬತ್ತು ಹೆಣಗಳು ನಮ್ಮ ದಡದಲ್ಲಿದ್ದವು. ನಮ್ಮದು ಒಂದೇ ಒಂದು ಅವರ ದಡದಲ್ಲಿತ್ತು.

ಸಭೆ ಸೇರಿತು. ಕಿರೀಟದ ಮಾತು ಹಿಂದಕ್ಕೆ ಸರಿಯಿತು. ಕುದುರೆಗಳಿರುವ ಕಲ್ಲಿಫೋನ್ ಮೊದಲು ಎದ್ದು ನಿಂತ. ಕೆಟ್ಟವನಲ್ಲ; ಹಿಂದಿನ ದಿನ ಅವನೂ ಮೊದಲ ಸಾಲಿನಲ್ಲೇ ಇದ್ದ, ತೊಡೆಗೆ ಬಟ್ಟೆ ಕಟ್ಟಿಕೊಂಡಿದ್ದ.

“ನೋಡ್ರಪ್ಪಾ, ಅವರ ಮನೆಗಳಲ್ಲೂ ತಾಯಂದಿರಿದ್ದಾರೆ. ಎಂಟೊಂಬತ್ತು ಮನೆಯವ್ರು ಒಟ್ಟಿಗೆ ಅಳ್ತಾ ಇದ್ರೆ ಎಷ್ಟು ಹೊತ್ತು ಸುಮ್ನಿರ್ತಾರೆ? ಇವತ್ತು ಸಂಜೆ, ಇಲ್ಲಾ ನಾಳೆ ಕೇಳ್ತಾರೆ. ಆಗ ಮಿಕ್ಕೋಸೂ ಬರ್ತಾನೆ, ಹುಲ್ಲುಗಾವಲೂ ಉಳಿಯತ್ತೆ. ಒಂದು ದಿನ ತಡೀರಿ ಅಷ್ಟೆ.”

ಮಾತು ಸರಿಯಾಗಿತ್ತು. ತಲೆಗಳು ಅಲ್ಲಾಡಿದವು. ಗಂಡಸರ ಸಭೆಗೆ ಬರುವಂತಿಲ್ಲದ ತಿಮೋ ಸೊಸೆಯನ್ನು ಹಿಡಿದುಕೊಂಡು ಊರವರು ನೀರು ಹಿಡಿಯುವ ಚಿಲುಮೆಮನೆಯ ಗೋಡೆಯ ಪಕ್ಕ ಕೂತಿದ್ದಳು. ಬಿಸಿಲು ಆಗಲೇ ಏರುತ್ತಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ಬಯಲಲ್ಲಿ ಬಿದ್ದ ದೇಹ ಒಂದು ಹಗಲಿನಲ್ಲಿ ಏನಾಗುತ್ತದೆ ಎಂಬುದು ಕುರಿ ಕಾಯುವ ಮಗುವಿಗೂ ಗೊತ್ತು. ಮಣ್ಣು ಬೀಳದವನು ಸತ್ತವರ ಲೋಕದ ಬಾಗಿಲಲ್ಲೇ ಅಲೆಯುತ್ತಾನೆ ಎಂಬುದೂ ಗೊತ್ತು.

ದಾಮಿಪ್ಪೋಸ್ ಎದ್ದ. ಅವನು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ನಿನ್ನೆ ಗೆದ್ದದ್ದು ಹೆಂಗೆ ಅಂತ ಹೇಳ್ತೀನಿ, ಕೇಳ್ರಿ,” ಎಂದ. “ನಾವು ಬಲಕ್ಕೆ ಜರುಗಿದ್ವಿ, ಅದಕ್ಕೇ ಗೆದ್ವಿ. ಜರುಗಿದ್ದು ಯಾಕೆ? ಮೊದಲ ಹೆಜ್ಜೆ ಇಟ್ಟೋನು ನಾನು. ನನ್ನ ಬಲಮಗ್ಗುಲಿಗೆ ಯಾರೂ ಇರ್ಲಿಲ್ಲ. ಈಟಿಗಳು ಬಂದ್ವು. ತಪ್ಪಿಸ್ಕೊಳ್ಳೋಕೆ ಬಲಕ್ಕೆ ಒಂದು ಹೆಜ್ಜೆ ಇಟ್ಟೆ, ಆಮೇಲೆ ಇನ್ನೊಂದು. ಹೆದರಿಕೆ ಆಯ್ತು, ಇಟ್ಟೆ. ನನ್ನ ಹಿಂದೆ ನೀವೆಲ್ಲ ಬಂದ್ರಿ.”

“ಎಲ್ರೂ ಜರುಗ್ತಾರಯ್ಯ,” ಎಂದ ಕಲ್ಲಿಫೋನ್. “ಅದೇನು ದೊಡ್ಡ ತಪ್ಪು?”

“ಇರ್ಲಿ. ಆ ತುದೀಲಿ ಏನಾಯ್ತು? ಹೊಳೆ ನಮ್ಮ ಗೋಡೆ ಅಂದಿದ್ರು. ನಾವು ಇತ್ಲಾಗೆ ಬಂದಷ್ಟೂ ಗೋಡೆ ದೂರ ಹೋಯ್ತು. ಮಧ್ಯ ಸಂದು ಬಿತ್ತು. ಆ ಸಂದಲ್ಲಿ ಅವರು ನುಗ್ಗಿದ್ರೆ ನಮ್ಮ ಬೆನ್ನಿಗೇ ಬರ್ತಿದ್ರು. ಯಾಕೆ ಬರ್ಲಿಲ್ಲ?” ಅವನು ಯುದ್ಧದಲ್ಲಿ ಮಿಕ್ಕೋಸ್‌ನ ಪಕ್ಕ ನಿಂತಿದ್ದ ಚಪ್ಪಲಿ ಹೊಲಿಯುವವನ ಕಡೆ ತಿರುಗಿದ. “ನೀನೇ ಹೇಳಪ್ಪ.”

ಚಪ್ಪಲಿ ಹೊಲಿಯುವವನು ನೆಲ ನೋಡಿಕೊಂಡೇ ಹೇಳಿದ: “ನಾನು ಸಾಲಿನ ಜೊತೆ ಜರುಗಿದೆ. ಮಿಕ್ಕೋಸ್ ಬರ್ಲಿಲ್ಲ. ‘ಬಾರೋ’ ಅಂತ ಕೂಗಿದೆ. ‘ನಡಿ ನಡಿ, ಇಲ್ಲಿ ಯಾರಾದ್ರೂ ಒಬ್ರು ಬಾಗಿಲು ಹಾಕ್ಬೇಕಲ್ಲ’ ಅಂದ. ಅವರು ನಾಲ್ಕೈದು ಜನ ಮೇಲೆ ಬಿದ್ರು. ನೀರೊಳಗೆ ತಳ್ಕೊಂಡು ಹೋದ್ರು. ಆಮೇಲೆ ಕಾಣ್ಲಿಲ್ಲ.”

ದಾಮಿಪ್ಪೋಸ್ ಮತ್ತೆ ಸಭೆಯ ಕಡೆ ತಿರುಗಿದ.

“ಗೆಲುವು ಅವನದು,” ಎಂದ. “ಅವನದನ್ನ ಅವನಿಗೋಸ್ಕರ ಖರ್ಚು ಮಾಡೋಣ ಅಂತೀನಿ. ಕಲ್ಲಿಫೋನ್ ಹೇಳಿದ್ದು ಸರಿ, ತಡೆದ್ರೆ ಅವರೇ ಕೇಳ್ಬಹುದು. ಆದ್ರೆ ತಡೆಯೋದು ನಾವಲ್ಲ, ಬಿಸಿಲಲ್ಲಿ ಮಲಗಿರೋನು. ದೂತನ್ನ ಕಳಿಸ್ರಿ. ಹೊರೋಕೆ ನಾನು ಹೋಗ್ತೀನಿ. ಕಿರೀಟ ಬೇಡ, ಗೆಲುವೇ ಇಲ್ಲ ಅಂದ್ಮೇಲೆ ಎಲ್ಲಿಯ ಕಿರೀಟ?”

“ಮತ್ತೆ ಕುರಿಗಳು? ಏನು ಮೇಯ್ತಾವೆ?” ಎಂದು ಹಿಂದಿನಿಂದ ಒಬ್ಬ ಕೇಳಿದ.

“ನನ್ನ ಬೆಟ್ಟಕ್ಕೆ ಹೊಡ್ಕೊಂಡು ಬನ್ನಿ.”

ಆ ಮಾತಿನ ತೂಕ ಗೊತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಬೆಟ್ಟದ ಕಾಡುತುಳಸಿಯ ಹೂವಿಲ್ಲದಿದ್ದರೆ ಅವನ ಜೇನಿಲ್ಲ.

ಕೈ ಎತ್ತಲು ಹೇಳಿದರು. ಮೊದಲು ಚಪ್ಪಲಿ ಹೊಲಿಯುವವನ ಕೈ ಎದ್ದಿತು, ಆಮೇಲೆ ಯುದ್ಧದಲ್ಲಿ ಎಡಗಡೆ ನಿಂತಿದ್ದವರದು, ಆಮೇಲೆ ಅಲ್ಲೊಂದು ಇಲ್ಲೊಂದು. ಕಲ್ಲಿಫೋನ್ ಎತ್ತಲಿಲ್ಲ. ಆದರೆ ಎತ್ತಿದವರೇ ಹೆಚ್ಚಾದರು.

ದಂಡ ಹಿಡಿದ ದೂತ ಮುಂದೆ ನಡೆದ. ಹಿಂದೆ ಚಟ್ಟ ಹಿಡಿದು ದಾಮಿಪ್ಪೋಸ್, ನಾನು, ಇನ್ನಿಬ್ಬರು. ಆಯುಧವಿಲ್ಲದೆ ಹೊಳೆಗೆ ಇಳಿದೆವು. ನೀರು ಮಂಡಿಯವರೆಗಿತ್ತು.

ಆಚೆದಡದಲ್ಲಿ ಲಾಫ್ರಾದವರು ಗುಂಪುಗೂಡಿದ್ದರು. ಅವರ ನಾಯಕ ಥೋವಾಸ್, ಒಂದು ಕಣ್ಣು ಊದಿಕೊಂಡಿದ್ದ ಅಗಲ ಮೈಯ ಮನುಷ್ಯ, ಎರಡೂ ಕೈ ಸೊಂಟದ ಮೇಲಿಟ್ಟು ನಿಂತ.

“ಓಹೋ, ನಿನ್ನೆ ಗೂಳಿ ಥರ ನುಗ್ಗಿದೋನು ಇವತ್ತು ಕಾಲು ತೊಳ್ಕೊಂಡು ಬರ್ತಿದ್ದಾನೆ! ಏನ್ ಬೇಕಪ್ಪಾ ಗೆದ್ದೋರಿಗೆ?”

ದೂತ ಹೇಳಬೇಕಾದ್ದನ್ನು ಹೇಳಿದ: ಕೆರಿಯಾದವರು ತಮ್ಮ ಸತ್ತವನನ್ನು ಕೇಳುತ್ತಿದ್ದಾರೆ.

“ಕೇಳಿಸ್ಲಿಲ್ಲ. ಹೊಳೆ ಸದ್ದು,” ಎಂದ ಥೋವಾಸ್. ಅವನ ಕಡೆಯವರು ನಕ್ಕರು. “ಆ ಗೂಳೀನೇ ಹೇಳ್ಲಿ.”

ದಾಮಿಪ್ಪೋಸ್ ನೀರಿನಲ್ಲೇ ನಿಂತು, ದನಿ ಏರಿಸದೆ, ಜೇನುಗೂಡಿನ ಮುಂದೆ ಮಾತಾಡುವಂತೆ ಹೇಳಿದ: “ನಮ್ಮೋನನ್ನ ಕೊಡಿ. ನಾವು ಕೇಳ್ತಿದ್ದೀವಿ. ಸೋತೋರು ಕೇಳೋ ಹಂಗೆ ಕೇಳ್ತಿದ್ದೀವಿ.”

ನಗು ಅಲ್ಲಿಗೆ ನಿಂತಿತು. ಗುಂಪು ದಾರಿ ಬಿಟ್ಟಿತು. ಆಗ ನಾವು ಐವರೂ ಅದನ್ನು ಕಂಡೆವು. ಗುಂಪಿನ ಹಿಂದೆ, ಒಂದು ಕಲ್ಲಿನ ಮೇಲೆ, ಅವರ ದೂತ ಕೂತಿದ್ದ. ತಲೆಗೆ ಮಾಲೆ ಕಟ್ಟಿತ್ತು, ಕೈಯಲ್ಲಿ ದಂಡವಿತ್ತು, ಚಪ್ಪಲಿಯ ಪಟ್ಟಿ ಬಿಗಿದಾಗಿತ್ತು. ಹೊರಡಲು ಸಿದ್ಧನಾದವನು. ನಾವು ಇನ್ನೊಂದು ಸ್ವಲ್ಪ ತಡೆದಿದ್ದರೆ ಅವನೇ ಹೊಳೆ ದಾಟುತ್ತಿದ್ದ.

ಥೋವಾಸ್ ನಮ್ಮ ಕಣ್ಣು ಹೋದ ಕಡೆ ನೋಡಿದ. ಅವನ ಮುಖದಲ್ಲಿ ಗೆಲುವಿಗಿಂತ ನಾಚಿಕೆ ಹೆಚ್ಚಿತ್ತು ಎಂದು ನನಗನಿಸಿತು. ಮಿಕ್ಕೋಸ್‌ನನ್ನು ಚಟ್ಟಕ್ಕೆ ಎತ್ತುವಾಗ ಅವನೇ ಬಂದು ಕಾಲು ಹಿಡಿದ. “ಇವನು ಯಾರು? ನಮ್ಮ ಐದು ಜನನ್ನ ತಡೆದ,” ಎಂದು ಮೆಲ್ಲನೆ ಕೇಳಿದ.

“ಬಣ್ಣದೋನು,” ಎಂದ ದಾಮಿಪ್ಪೋಸ್.

ಹಿಂತಿರುಗುವಾಗ ನಮ್ಮಲ್ಲೊಬ್ಬ ಹೇಳಿದ: “ಆ ದೂತನ ವಿಷ್ಯ ಊರಲ್ಲಿ ಯಾಕೆ ಎತ್ತೋದು? ನಾವು ಐದೇ ಜನ ನೋಡಿರೋದು.”

“ಎತ್ತಲೇಬೇಕು,” ಎಂದ ದಾಮಿಪ್ಪೋಸ್. “ಊರು ಏನು ಕೊಟ್ಟಿತು ಅಂತ ಊರಿಗೆ ಗೊತ್ತಿರ್ಬೇಕಲ್ಲ.”

ಊರ ಬಾಗಿಲಲ್ಲೇ, ಚಟ್ಟ ಇಳಿಸಿ, ಎಲ್ಲರ ಮುಂದೆ ಹೇಳಿದ. ಕೂಗಾಟವಾಯಿತು. ಕಲ್ಲಿಫೋನ್ ಬಾಯಿಗೆ ಬಂದಂತೆ ಬೈದ: “ನಿನ್ನ ಒಂದು ಬೆಳಗಿನ ಅವಸರಕ್ಕೆ ಇಡೀ ಹುಲ್ಲುಗಾವಲು ಹೋಯ್ತಲ್ಲೋ! ಜೀವಮಾನದಲ್ಲಿ ಒಂದ್ಸಲ ಅವಸರ ಮಾಡ್ದೆ, ಅದೂ ಇಂಥ ದಿನ!” ದಾಮಿಪ್ಪೋಸ್ ಎಲ್ಲವನ್ನೂ ಕೇಳಿಸಿಕೊಂಡ. ಹುಳು ಮುಖದ ಮೇಲೆ ಕೂತಾಗ ಹೇಗೆ ನಿಲ್ಲುತ್ತಿದ್ದನೋ ಹಾಗೆ ನಿಂತಿದ್ದ.

ಲಾಫ್ರಾದವರು ಅಂದೇ ಬಂದು ತಮ್ಮ ಹೆಣಗಳನ್ನು ಒಯ್ದರು. ನಮ್ಮ ಕಂಬ ನಿಂತಲ್ಲೇ ನಿಂತಿತು. ಅದನ್ನು ಮುಟ್ಟುವುದು ದೇವರಿಗೆ ಅಪಚಾರ. ಆದರೆ ಅದರ ಪಕ್ಕದಲ್ಲೇ ಲಾಫ್ರಾದವರು ತಮ್ಮದನ್ನು ನೆಟ್ಟರು, ಕುರಿಗಳನ್ನೂ ಬಿಟ್ಟರು. ನಮ್ಮ ಕುರಿ, ಮೇಕೆಗಳು ಬೆಟ್ಟ ಹತ್ತಿದವು. ಎರಡು ಬೇಸಿಗೆಯಲ್ಲಿ ಕಾಡುತುಳಸಿ ಬುಡದವರೆಗೆ ಸವೆಯಿತು. ದಾಮಿಪ್ಪೋಸ್ ಕೊಳವೆಗಳನ್ನು ಹೆಗಲ ಮೇಲೆ ಹೊತ್ತು, ಮೇಕೆಯೂ ಹತ್ತಲು ಯೋಚಿಸುವ ಬಂಡೆಗಳ ನಡುವೆ ಇಟ್ಟ. ಜೇನು ಅರ್ಧಕ್ಕಿಳಿಯಿತು. ಕಲ್ಲಿಫೋನ್‌ನ ಕುರಿಗಳೇ ಅಲ್ಲಿ ಹೆಚ್ಚು. ಅವುಗಳನ್ನು ಕಾಯುವವನು ಒಮ್ಮೆ ಸಂಕೋಚದಿಂದ “ಅಣ್ಣಾ, ಆ ಕಡೆ ಹೊಡೀಲಾ?” ಎಂದಾಗ, “ಅಲ್ಲಿ ಮುಳ್ಳು ಜಾಸ್ತಿ, ಇಲ್ಲೇ ಇರ್ಲಿ,” ಎಂದನಂತೆ ದಾಮಿಪ್ಪೋಸ್.

ಇದಕ್ಕೆಲ್ಲ ಮೊದಲು, ಮಿಕ್ಕೋಸ್ ಮಣ್ಣಾದ ಒಂಬತ್ತನೆಯ ದಿನದ ಎಡೆಗೆ ನಾವು ಕೆಲವರು ಹೋಗಿದ್ದೆವು. ಜವೆಯ ರೊಟ್ಟಿ, ಎಣ್ಣೆ, ನೀರು ಬೆರೆಸಿದ ದ್ರಾಕ್ಷಾರಸ. ಎಡೆ ಮುಗಿದ ಮೇಲೆ ತಿಮೋ ದಾಮಿಪ್ಪೋಸ್‌ನ ಎದುರಿಗೆ ಬಂದು ನಿಂತಳು.

“ಅವರ ದೂತ ಹೊರಟು ಕೂತಿದ್ನಂತೆ. ನೀನು ತಡೆದಿದ್ರೆ ಊರು ಗೆಲ್ತಿತ್ತಂತೆ.”

“ಹೌದವ್ವಾ.”

“ಎಷ್ಟು ಹೊತ್ತು ತಡೀಬೇಕಿತ್ತು?”

“ಮಧ್ಯಾಹ್ನದವರೆಗೆ ಸಾಕಿತ್ತು ಅನ್ಸತ್ತೆ.”

ತಿಮೋ ತನ್ನ ಎರಡೂ ಅಂಗೈಗಳನ್ನು ಅವನ ಮುಂದೆ ಹಿಡಿದಳು.

“ಮಧ್ಯಾಹ್ನದ ಹೊತ್ತಿಗೆ ಮುಖ ಉಳೀತಿರ್ಲಿಲ್ಲ ಕಣಪ್ಪಾ. ನಾನು ಈ ಕೈಲಿ ತೊಳೆದೆ. ಕಣ್ಣು ಮುಚ್ಚಿದೆ. ಅವನೇ ಅಂತ ಗೊತ್ತಿತ್ತು ನಂಗೆ.”

ತಿಮೋ ಉಳಿದ ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ದಾಮಿಪ್ಪೋಸ್‌ನ ಕೈಗೆ ಕೊಟ್ಟಳು. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ತಿಂದ.