ಸೂಗಮ್ಮನ ಓದು, ನಾಗಣ್ಣನ ಹ್ಞೂಂ

ಸೂಗಮ್ಮ ಪುಸ್ತಕ ಓದಬೇಕಾದರೆ ಎದುರಿಗೆ ಒಬ್ಬರು ಕೂತು ‘ಹ್ಞೂಂ’ ಅನ್ನಲೇಬೇಕು. ಇದು ಸೊಕ್ಕಲ್ಲ, ರೋಗವೂ ಅಲ್ಲ. ಕಮಲಾಪುರದಲ್ಲಿ ಅವಳ ಅಜ್ಜಿ ಹಚ್ಚಿದ ಚಟ. ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ಮುದುಕಿಗೆ ಅಕ್ಷರ ಬರುತ್ತಿರಲಿಲ್ಲ, ಕತೆಯ ಹಸಿವು ಮಾತ್ರ ಭಾರಿ. ಮಧ್ಯಾಹ್ನ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರೆ, ಶಾಲೆ ಕಲಿತ ಸೂಗಮ್ಮ ನಡುವೆ ಕೂತು ಗಟ್ಟಿಯಾಗಿ ಓದಬೇಕು. ಒಂದೊಂದು ವಾಕ್ಯಕ್ಕೂ ಆಯಿ ‘ಹ್ಞೂಂ’ ಅನ್ನುವಳು.

“ಹ್ಞೂಂ ಇಲ್ಲದ ಕತಿ ಅಂದ್ರ ಹಗ್ಗ ಹರಕೊಂಡ ದನ ಇದ್ದಂಗ. ಯಾರ ಹೊಲ ಹೊಕ್ಕು ಮೇಯ್ತದೋ ಹೇಳಾಕ ಬರೂದಿಲ್ಲ” ಎನ್ನುವುದು ಆಯಿಯ ಸಿದ್ಧಾಂತ.

ಆಯಿಯ ಕಾಯಿದೆಗಳು ಇನ್ನೂ ಇದ್ದವು. ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳಬಾರದು, ಕತೆ ಮುನಿಸಿಕೊಳ್ಳುತ್ತದೆ. ‘ಮುಗೀತು’ ಅಂತಲೂ ಅನ್ನಬಾರದು. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನುತ್ತಾರಲ್ಲ, ಹಾಗೆ. ಕೊನೆಯ ಪುಟ ಆದ ಮೇಲೆ ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ‘ಉಳಿದದ್ದು ನಾಳಿಗೆ’ ಎಂದು ಏಳಬೇಕು. ಮರುದಿನ ಬೇರೆ ಪುಸ್ತಕ ಶುರು.

ಹೆಣ್ಣು ನೋಡಲು ಬಂದ ನಾಗಣ್ಣನಿಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೀರೆಯ ಫಾಲು, ರವಿಕೆಯ ಅಸ್ತರು ಮಾರುವ ಸಣ್ಣ ಅಂಗಡಿ. ಸೂಗಮ್ಮ ಅಂಗಡಿಯ ಸುದ್ದಿಗೇ ಹೋಗಲಿಲ್ಲ. ತಲೆ ಬಗ್ಗಿಸಿಕೊಂಡೇ ಕೇಳಿದಳು: “ನಿಮಗ ಹ್ಞೂಂ ಅನ್ನಾಕ ಬರ್ತದೇನ್ರಿ?”

ನಾಗಣ್ಣ ಗಾಬರಿಯಾಗಿ “ಹ್ಞೂಂ” ಅಂದ. ಲಗ್ನ ಆಗಿಹೋಯಿತು.

ಅಲ್ಲಿಂದ ಮುಂದೆ ಮೂವತ್ತು ವರ್ಷ ಅವರ ಸಂಸಾರ ನಡೆದದ್ದು ಹೀಗೆ. ಸಂಜೆ ನಾಗಣ್ಣ ಅಂಗಡಿ ಮುಚ್ಚಿಕೊಂಡು ಕಲಬುರಗಿ ಮಗ್ಗುಲಿನ ಶರಣಸಿರಸಗಿಯ ಮನೆಗೆ ಬರುತ್ತಾನೆ. ಕೈಕಾಲು ತೊಳೆದು ಗೋಡೆಗೆ ಬೆನ್ನು ಕೊಡುತ್ತಾನೆ. ಸೂಗಮ್ಮ ಪುಸ್ತಕ ತೆರೆಯುತ್ತಾಳೆ. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದ ಮನುಷ್ಯ ಅವನು. ಆದರೂ ಅವನ ಹ್ಞೂಂ ಒಂದು ದಿನವೂ ತಪ್ಪಿರಲಿಲ್ಲ. ಅಕ್ಕಪಕ್ಕದ ಹೆಂಗಸರು “ಗಂಡ ಅಂದ್ರ ಹಿಂಗಿರಬೇಕವ್ವಾ” ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಹೋದ ಶ್ರಾವಣದಲ್ಲಿ ಸೂಗಮ್ಮನ ತಲೆಗೆ ಒಂದು ಹುಳ ಹೊಕ್ಕಿತು. ಈ ಮನುಷ್ಯ ನಿಜವಾಗಿ ಕೇಳುತ್ತಾನೋ, ಇಲ್ಲ ಬರೀ ಗಂಟಲು ಅಲ್ಲಾಡಿಸುತ್ತಾನೋ? ಓದುತ್ತ ಓದುತ್ತ, ಪುಸ್ತಕದಲ್ಲಿ ಇಲ್ಲದ ಒಂದು ಸಾಲನ್ನು ತಾನೇ ಸೇರಿಸಿದಳು. “ಅವತ್ತು ಸೋಮವಾರ. ಸೂಪರ್ ಮಾರ್ಕೆಟ್ಟಿನ ಅಸ್ತರಿನ ಅಂಗಡಿ ನಾಗಣ್ಣ ಎದಿ ಹಿಡಕೊಂಡು ಸತ್ತ.”

“ಹ್ಞೂಂ” ಅಂದ ನಾಗಣ್ಣ.

“ಎಲ್ಲಾರೂ ಕೂಡಿ ಮಣ್ಣು ಮಾಡಿ ಬಂದರು.”

“ಹ್ಞೂಂ.”

“ಹೆಂಡತಿ ಮರುದಿನಾನೇ ಪ್ಯಾಟಿಗೆ ಹೋಗಿ ಹೊಸಾ ಸೀರಿ ತಂದಳು.”

“ಹ್ಞೂಂ.”

ಸೂಗಮ್ಮ ಪುಸ್ತಕವನ್ನು ಫಟ್ಟನೆ ಮುಚ್ಚಿದಳು. “ಗ್ವಾಡಿಗೆ ಓದಿದ್ರ ಗ್ವಾಡಿಯರ ಬಿರುಕು ಬಿಡ್ತಿತ್ತು! ನಾ ಮೂವತ್ತು ವರ್ಷ ಯಾರಿಗೆ ಓದಿದೆ?” ನಾಗಣ್ಣ ಏನೋ ಹೇಳಲು ಬಾಯಿ ತೆರೆದ. ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು. ಪಾಪದವಳ ಸಂಕಟ ಸಣ್ಣದಲ್ಲ. ಅಡುಗೆಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು. ಮೂವತ್ತು ವರ್ಷದ ಓದು ಯಾರ ಕಿವಿಗೂ ಬೀಳಲಿಲ್ಲ ಅಂದರೆ ಎಲ್ಲಿಗೆ ಹೋಗಿ ಕೇಳುವುದು?

ಅವತ್ತಿನಿಂದ ಮನೆಯಲ್ಲಿ ಓದು ಬಂದ್. ಒಬ್ಬಳೇ ಓದೋಣವೆಂದರೆ ಮೊದಲ ವಾಕ್ಯ ದಾಟಲಾಗದು, ಕಿವಿ ಕಾಯುತ್ತ ಕೂತುಬಿಡುತ್ತದೆ. ಫ್ಯಾನಿನ ಕೆಳಗೆ ಓದಿ ನೋಡಿದಳು. ಅದು ಕರಕರ ಎನ್ನುತ್ತಿತ್ತು, ಒಪ್ಪಿಗೆಯೋ ತಕರಾರೋ ತಿಳಿಯಲಿಲ್ಲ. ಸಿಟ್ಟಿಗೆ ಕಮಲಾಪುರದ ತವರಿಗೆ ಹೋದಳು. ಅಲ್ಲಿ ತಮ್ಮನ ಹೆಂಡತಿ ಅಂಜನಾ ಒಂದೆರಡು ಹ್ಞೂಂ ಅಂದು, “ಅದಿರಲಿ ಅಕ್ಕಾರ, ನಮ್ಮ ತವರಮನಿ ಕತಿ ಕೇಳ್ರಿ” ಎಂದು ತನ್ನದೇ ಪುರಾಣ ತೆಗೆದಳು. ಊಟದ ಹೊತ್ತಿನವರೆಗೆ ಸೂಗಮ್ಮನೇ ಹ್ಞೂಂ ಅನ್ನಬೇಕಾಯಿತು. ಮರುದಿನದ ಬಸ್ಸಿಗೇ ವಾಪಸು ಬಂದಳು.

ಆಗ ನೆರೆಮನೆಯ ನೂರಜಹಾನ್ ಟೀಚರು ಒಂದು ಸುದ್ದಿ ತಂದರು. “ಸೂಗಕ್ಕ, ಐವಾನ್-ಎ-ಶಾಹಿ ಗೆಸ್ಟ್ ಹೌಸ್ ಹತ್ರ ಒಂದು ಹಾಲ್‌ನ್ಯಾಗ ಓದಿನ ಮ್ಯಾರಥಾನ್ ಅದ. ಮುಂಜಾನಿಂದ ಸಂಜೀತನಕ ಕುಂತು ಓದೂದು, ಬಸ್. ನಿಮ್ಮ ಹೆಸರು ಬರಸೀನಿ, ನನ್ನದೂ ಬರಸೀನಿ. ಬೇಫಿಕರ್ ಬರ್ರಿ.”

“ಹ್ಞೂಂ ಯಾರು ಅಂತಾರ?”

“ಯಾರೂ ಅನ್ನೂದಿಲ್ಲ. ಖಾಮೋಶ್, ಬಾಯಿ ಮುಚ್ಚಿ ಓದೂದು.”

ಸೂಗಮ್ಮನ ಎದೆ ಧಸಕ್ಕೆಂದಿತು. ಆದರೆ ಹಟವೂ ಹುಟ್ಟಿತು. ಈ ಗಂಡನ ಹ್ಞೂಂ ಇಲ್ಲದೆಯೂ ತನಗೆ ಓದು ಬರುತ್ತದೆ ಎಂದು ತೋರಿಸಿಯೇ ಸಿದ್ಧ. ಓದಲಾಗದಿದ್ದರೆ ಪುಸ್ತಕಗಳನ್ನೆಲ್ಲ ಯಾರಿಗಾದರೂ ಕೊಟ್ಟು ಕೈತೊಳೆದುಕೊಂಡುಬಿಡುವುದು ಎಂದು ನಿಶ್ಚಯ ಮಾಡಿಕೊಂಡಳು. ಅದನ್ನು ಗಂಡನಿಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದಳು.

ಮ್ಯಾರಥಾನ್ ನಡೆಸುತ್ತಿದ್ದವರು ಧೀರೇಂದ್ರ ಮಾಸ್ತರು, ಕಾಲೇಜಿನಲ್ಲಿ ದೈಹಿಕ ಶಿಕ್ಷಣದವರು. ಮ್ಯಾರಥಾನ್ ಎಂದು ಹೆಸರಿಟ್ಟ ಮೇಲೆ ಓಟದವರೇ ಬೇಕೆಂದು, ಏರ್ಪಾಡು ಮಾಡಿದ ಓದುಗರ ಬಳಗದವರು ಅವರನ್ನು ಕರೆತಂದಿದ್ದರು. ಅವರಿಗೆ ಗೊತ್ತಿದ್ದುದು ಓಟ. ಹಾಗಾಗಿ ಎಲ್ಲರ ಎದೆಗೂ ನಂಬರು ಚುಚ್ಚಿಸಿದರು, ಗ್ಲುಕೋಸ್ ನೀರಿಟ್ಟರು, ಕುತ್ತಿಗೆ ತಿರುಗಿಸುವ ಕಸರತ್ತು ಮಾಡಿಸಿದರು. ನೋವಿನ ಸ್ಪ್ರೇ ಹಿಡಿದ ಒಬ್ಬಾತ ಬಾಗಿಲಲ್ಲಿ ಸಿದ್ಧನಾಗಿ ನಿಂತಿದ್ದ. “ಮಾತಾಡಿದವರು ಔಟ್!” ಎಂದು ಸಾರಿ, ಮಾಸ್ತರು ಸೀಟಿ ಊದಿದರು. ನಲವತ್ತು ಮಂದಿ ಒಮ್ಮೆಲೇ ಪುಸ್ತಕಕ್ಕೆ ಬಿದ್ದರು.

ಸೂಗಮ್ಮ ಮೊದಲ ವಾಕ್ಯ ಓದಿ ನಿಂತಳು. ಮತ್ತೆ ಅದನ್ನೇ ಓದಿದಳು. ಸುತ್ತ ಪುಟಗಳು ಸರಸರ ತಿರುಗುತ್ತಿದ್ದವು, ಇವಳ ಬಂಡಿ ಮಾತ್ರ ಹೂತುಕೊಂಡಿತ್ತು. ಪಕ್ಕದಲ್ಲಿದ್ದ ನೂರಜಹಾನ್ ನೋಡಿ ನೋಡಿ ಸಾಕಾಗಿ, ತನ್ನ ಪುಸ್ತಕದಿಂದ ತಲೆ ಎತ್ತದೆಯೇ “ಹ್ಞೂಂ” ಅಂದರು. ಸೂಗಮ್ಮನ ಕಣ್ಣು ಎರಡನೇ ವಾಕ್ಯಕ್ಕೆ ಜಿಗಿಯಿತು! ಓದಿ ಮುಗಿದದ್ದು ತಿಳಿಯಲೆಂದು ಬೆರಳೆತ್ತಿದಳು. ಮತ್ತೊಂದು ಹ್ಞೂಂ ಬಂತು.

ಸೀಟಿ ಕೂಗಿತು. ಬಳಗದವರು ಮೂಲೆಯಲ್ಲಿ ಗುಂಪುಗೂಡಿ, ಹ್ಞೂಂ ಎಂಬುದು ಮಾತೋ ಅಲ್ಲವೋ ಎಂದು ಚರ್ಚಿಸಿದರು. ಕೆಮ್ಮು, ಆಕಳಿಕೆ, ಹ್ಞೂಂ ಇವೆಲ್ಲ ಶರೀರಧರ್ಮ, ತಡೆಯಬಾರದು ಎಂದು ತೀರ್ಮಾನವಾಯಿತು.

ಮುಂದಿನ ಸಾಲಿನಲ್ಲಿದ್ದ ಅಣವೀರಪ್ಪನವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು. ಎರಡನೇ ಪುಟಕ್ಕೇ ತೂಕಡಿಸುತ್ತಿದ್ದ ಅವರು, ನೋಡೋಣವೆಂದು ತಾವೂ ಬೆರಳೆತ್ತಿದರು. ನೂರಜಹಾನ್ “ಹ್ಞೂಂ” ಅಂದರು. “ಆಹಾ!” ಎಂಬಂತೆ ಅವರ ಮುಖ ಅರಳಿತು. ಅಷ್ಟೇ ಸಾಕಾಯಿತು, ಜಾಡ್ಯ ಹಬ್ಬಿತು. ಅಲ್ಲೊಂದು ಬೆರಳು, ಇಲ್ಲೊಂದು ಬೆರಳು. ಸ್ವಲ್ಪ ಹೊತ್ತಿಗೆ ಇಡೀ ಹಾಲು ಬೆರಳೆತ್ತಿ ಹ್ಞೂಂಗಾಗಿ ಕಾಯುತ್ತ ಕೂತಿತು. ನೂರಜಹಾನ್ ಪುಸ್ತಕ ಕೆಳಗಿಟ್ಟರು. “ಯಾ ಖುದಾ! ನಾ ಓದಾಕ ಬಂದೀನೋ, ಹ್ಞೂಂ ಹಂಚಾಕ ಬಂದೀನೋ?” ಅಂದದ್ದೇ ಔಟಾದರು. ಹೋಗುವಾಗ ಬಾಗಿಲ ಕಡೆ ಕೈ ತೋರಿಸಿ, “ಹೊರಗ ಬೇವಿನ ಗಿಡದ ಬುಡಕ ಒಬ್ರು ಕುಂತಾರ, ಅವರನ್ನ ಕರೀರಿ. ಮೂವತ್ತು ವರ್ಷದ ಅನುಭವ ಅದ” ಎಂದು ಹೇಳಿ ಹೋದರು.

ಬೇವಿನ ಬುಡದಲ್ಲಿ ಕೂತಿದ್ದವನು ನಾಗಣ್ಣ. ಅವತ್ತು ಅಂಗಡಿಯನ್ನೇ ತೆರೆದಿರಲಿಲ್ಲ. ಹೆಂಡತಿಗೆ ಇಷ್ಟವೆಂದು ಕಮಲಾಪುರದ ಕೆಂಪು ಬಾಳೆಹಣ್ಣು ತರಿಸಿ, ಕೊಡುವ ಧೈರ್ಯ ಸಾಲದೆ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದ. ಧೀರೇಂದ್ರ ಮಾಸ್ತರು ಅವನನ್ನು ಎಳೆದುಕೊಂಡೇ ಬಂದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಎತ್ತಿದ ಬೆರಳುಗಳ ನಡುವೆ ಓಡಾಡುತ್ತ “ಹ್ಞೂಂ... ಹ್ಞೂಂ... ಹ್ಞೂಂ” ಎಂದು ಬಡಿಸತೊಡಗಿದ.

ಸೂಗಮ್ಮ ಬೆರಳೆತ್ತಲಿಲ್ಲ. ತನ್ನ ಮನೆಯ ಹ್ಞೂಂ, ಬಿಟ್ಟಿ ಬಿದ್ದಿದೆಯೇ ಎಲ್ಲರಿಗೂ ಹಂಚಲು? ಆದರೂ ಕಿವಿ ಸುಮ್ಮನಿರಲಿಲ್ಲ. ಈ ಹ್ಞೂಂ ಬೇರೆ ಥರ ಇತ್ತು. ಒಣ ಹ್ಞೂಂ, ಚೌಕಾಸಿ ಮಾಡುವ ಗಿರಾಕಿಗೆ ಅಂಗಡಿಯಲ್ಲಿ ಅನ್ನುವಂಥದು. ಮನೆಯಲ್ಲಿ ಅವನು ಒಮ್ಮೊಮ್ಮೆ ಎಳೆದು ಅನ್ನುತ್ತಿದ್ದ, ಒಮ್ಮೊಮ್ಮೆ ಉಸಿರು ಹಿಡಿದು ಅನ್ನುತ್ತಿದ್ದ. ಇಷ್ಟು ವರ್ಷ ಅದನ್ನು ತಾನು ಗಮನಿಸಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಆಗ.

ಅಷ್ಟರಲ್ಲಿ ಅಣವೀರಪ್ಪನವರು ಎದ್ದು ನಿಂತು ಅಬ್ಬರಿಸಿದರು. “ಏನ್ರೀ ಮಾಸ್ತರ, ಈ ಮನುಷ್ಯಾ ಹ್ಞೂಂ ಅಂದು ಸುಮ್ಮ ಹೋಗವಲ್ಲ! ಕಿವ್ಯಾಗ ಬಗ್ಗಿ ‘ಹೊಳಿ ಇಳೀತೇನ್ರಿ’ ಅಂತ ಕೇಳಾಕತ್ತಾನ. ನಾ ನೀರಾವರಿಯಿಂದ ರಿಟೈರ್ ಆಗಿ ಯಾವ ಕಾಲ ಆತು! ಯಾವ ಹೊಳಿ, ಏನು ಕತಿ?”

“ನನಗೂ ಅದನ್ನೇ ಕೇಳಿದ್ರು” ಎಂದಳು ಹಿಂದಿನ ಸಾಲಿನ ಹರಿಪ್ರಿಯಾ ಎಂಬ ಹುಡುಗಿ. ಮಾಸ್ತರು ಇಬ್ಬರನ್ನೂ ಔಟ್ ಮಾಡಿದರು.

ಸೂಗಮ್ಮ ಎದ್ದಳು. “ಯಾವ ಹೊಳೀರಿ?”

“ನಂಬರ್ ಹದಿನೇಳು, ಔಟ್!”

“ಸುಮ್ಮ ನಿಂದ್ರೋ ತಮ್ಮಾ!” ಎಂದು ಅವಳು ಗದರಿದಳು.

ನಾಗಣ್ಣ ತಪ್ಪು ಮಾಡಿದವನಂತೆ ನಿಂತ. “ಮದಲಗಿತ್ತಿ ಚಕ್ಕಡಿ ನಿಂತದಲ್ಲ, ಆ ಹೊಳಿ. ನೀ ಓದೂದು ನಿಲ್ಲಿಸಿದಿ. ಇಲ್ಲಿ ಇಷ್ಟು ಮಂದಿ ಓದಾಕತ್ತಾರ, ಒಬ್ಬರರ ಮುಂದ ಹೋಗಿರ್ತಾರ, ಕೇಳೂಣು ಅಂತ...”

ಸೂಗಮ್ಮ ನೆನಪು ಕೆದಕಿದಳು. ಹೌದು, ಎಷ್ಟೋ ವರ್ಷದ ಹಿಂದೆ ಒಂದು ಪುಸ್ತಕ. ಹೊಸ ಮದುಮಗಳ ಚಕ್ಕಡಿ ತುಂಬಿದ ಹೊಳೆಯ ದಂಡೆಗೆ ಬಂದು ನಿಲ್ಲುತ್ತದೆ. ಬರೆದವನು ಅವಳನ್ನು ಅಲ್ಲಿಯೇ ಬಿಟ್ಟು ಕತೆ ಮುಗಿಸಿದ್ದ. ಅವಳು ‘ಉಳಿದದ್ದು ನಾಳಿಗೆ’ ಎಂದು ಎದ್ದಿದ್ದಳು. ಮರುದಿನ ತೆರೆದದ್ದು ಒಬ್ಬ ವಕೀಲನ ಕತೆ.

“ಆಕೀನ್ನ ದಾಟಸಾಕೇ ಆ ವಕೀಲ ಹೊಂಟಾನ ಅಂತ ಮಾಡಿದ್ದೆ” ಎಂದ ನಾಗಣ್ಣ. “ಅವ ಹೋಗಿ ಜೇಲಿನ್ಯಾಗ ಕುಂತ. ಆಮ್ಯಾಲ ಹಡಗದಾವ ಬಂದ. ಹಡಗ ಅದ, ಇನ್ನ ಕಾಳಜಿ ಇಲ್ಲ ಅಂದೆ. ಅವನೂ ಎತ್ತಲಾಗೋ ಹೋದ. ಆ ಹೆಣ್ಮಗಳು ಅಲ್ಲೇ ಕುಂತಾಳ. ಏನು ಉಣ್ತಾಳೋ ಏನೋ.”

“ಅವು ಬ್ಯಾರೆ ಬ್ಯಾರೆ ಪುಸ್ತಕರೀ!”

“ಬ್ಯಾರೆ?” ನಾಗಣ್ಣನಿಗೆ ಸಿಡಿಲು ಬಡಿದಂತಾಯಿತು. “ನೀ ಒಂದು ದಿನಾನೂ ಮುಗೀತು ಅನ್ಲಿಲ್ಲಲ್ಲ! ಎಲ್ಲಾ ಒಂದೇ ಕತಿ, ಭಾಳ ದೊಡ್ಡದು ಅಂತ ತಿಳದಿದ್ದೆ.”

“ಹಂಗಾದ್ರ ನಿಮ್ಮನ್ನ ಸಾಯಿಸಿದಾಗ ಹ್ಞೂಂ ಅಂದಿರಲ್ಲ? ಅದು?”

“ಅದ್ಯಾವ ದೊಡ್ಡ ಮಾತು? ನಮ್ಮ ಕತಿಯೊಳಗ ಸತ್ತಾವ್ರು ಎಷ್ಟು ಮಂದಿ ತಿರುಗಿ ಬಂದಿಲ್ಲ? ಆ ಡಾಕ್ಟರ ಸತ್ತ, ಮುಂದಿನ ವಾರ ಬ್ಯಾರೆ ಊರಾಗ ದವಾಖಾನಿ ಹಾಕಿದ್ದ. ನಾನೂ ಗುರುವಾರದ ಹೊತ್ತಿಗೆ ಎದ್ದು ಬಂದೇನು ಅಂತ ಕಾದೆ. ನೀ ಪುಸ್ತಕ ಮುಚ್ಚಿಬಿಟ್ಟಿ. ನಾ ಮಣ್ಣಾಗೇ ಉಳದೆ.”

“ಬಾಯಿಬಿಟ್ಟು ಕೇಳಬೇಕಿಲ್ಲೋ?”

“ನಡುವ ಕೇಳಬಾರದು, ಕತಿ ಮುನಿಸಿಕೊಳ್ತದ ಅಂತ ಲಗ್ನದ ಮರುದಿನಾನೇ ನೀ ಹೇಳಿದ್ದಿ.”

ಸೂಗಮ್ಮನಿಗೆ ನಗು ಬಂತು, ನಗುವ ಮೊದಲೇ ಅಳು ಬಂತು. ಗೋಡೆಗೆ ಓದಿದೆ ಎಂದು ಅವಳು ಕೊರಗುತ್ತಿದ್ದಾಗ, ಈ ಮಹಾರಾಯ ಒಂದು ಊರಿನಷ್ಟು ಮಂದಿಯನ್ನು ಎದೆಯಲ್ಲಿಟ್ಟುಕೊಂಡು, ಅಸ್ತರು ಕತ್ತರಿಸುತ್ತ, ಅವರ ಹಾದಿ ಕಾಯುತ್ತಿದ್ದ. ಅವಳು ತನ್ನ ನಂಬರಿನ ಚೀಟಿ ಕಿತ್ತು ಮಾಸ್ತರ ಕೈಗೆ ಕೊಟ್ಟಳು. ಗಂಡನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು. “ಮುಂಜಾನಿ ಮಳಿ ನಿಂತಿತು. ಹೊಳಿ ಇಳೀತು. ಗಾಡಿಯವ ಎತ್ತಿನ ಬೆನ್ನು ತಟ್ಟಿದ...”

ನಾಗಣ್ಣ ಹ್ಞೂಂ ಅನ್ನಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. “ಸೂಗಮ್ಮ, ನಿನ್ನ ಕಣ್ಣು ಹಾಳಿ ಮ್ಯಾಲಿಲ್ಲ.”

ಅವಳು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. “ಹೌದ್ರಿ. ಇದು ಯಾರೂ ಬರದದ್ದಲ್ಲ. ನಾ ಹೇಳಾಕತ್ತಿದ್ದು.”

ನಾಗಣ್ಣ ತಲೆ ಆಡಿಸಿದ. “ನೀ ಹೇಳಿದ್ರ ನಡೀತದ.”

“ಚಕ್ಕಡಿ ನೀರಿಗಿಳೀತು. ನಡುವ ಒಮ್ಮೆ ವಾಲಿತು.”

“ಎತ್ತು?” ಎಂದು, ಔಟಾದರೂ ಜಾಗ ಬಿಡದ ಅಣವೀರಪ್ಪನವರು ಕುರ್ಚಿಯ ತುದಿಗೆ ಬಂದರು.

“ಎತ್ತೂ ದಾಟಿದವು.” ಸುತ್ತಲಿನವರು ಒಬ್ಬೊಬ್ಬರಾಗಿ ಪುಸ್ತಕ ಕೆಳಗಿಟ್ಟರು. ಮಾಸ್ತರ ಬಾಯಲ್ಲಿ ಸೀಟಿ ಇತ್ತು, ಊದಲಿಲ್ಲ. “ದಾಟಿ ಬಂದ್ರ ಗಂಡನ ಊರಿನ ದಾರಿ ಒಬ್ಬರಿಗೂ ಗೊತ್ತಿಲ್ಲ. ಕೇಳಕೋತ, ಕೇಳಕೋತ ಶರಣಸಿರಸಗಿಗೆ ಬಂದು, ನಮ್ಮ ಬಾಗಲಾ ಬಡದಳು.”

“ತೊಯ್ದಿರ್ತಾಳ” ಎಂದ ನಾಗಣ್ಣ.

“ನನ್ನ ಸೀರಿ ಕೊಟ್ಟೀನಿ. ಒಲಿ ಮುಂದ ಕುಂತಾಳ. ಬಿಸಿ ರೊಟ್ಟಿ ಹಾಕೀನಿ.”

ನಾಗಣ್ಣ ಮೂಗು ಒರೆಸಿಕೊಂಡ. ಎಷ್ಟೋ ವರ್ಷದ ಭಾರ ಇಳಿದವನಂತೆ ಉದ್ದಕ್ಕೆ ಉಸಿರುಬಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. “ಮತ್ತ ಆ ವಕೀಲ? ಅವನ್ನ ಜೇಲಿನಿಂದ...”

“ತಡೀರಿ” ಎಂದಳು ಸೂಗಮ್ಮ. “ಮದಲ ಆಕಿ ಉಣ್ಣಲಿ.”